ಸಾಲು ಕೆಡಿಸಿದವನು

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ ಸಮಪುರವೆಂಬ ರಾಜ್ಯವಿತ್ತು. ರಾಜನೂ ಸೇರಿ ಅಲ್ಲಿದ್ದವರು ಎರಡು ಸಾವಿರದ ಐನೂರ ಇಪ್ಪತ್ತು ಜನ. ಎರಡೆರಡಾಗಿ ನಿಂತರೂ ಸರಿ, ಏಳೇಳಾಗಿ ನಿಂತರೂ ಸರಿ, ಹತ್ತರವರೆಗೆ ಯಾವ ಎಣಿಕೆಯಲ್ಲಿ ನಿಂತರೂ ಸಾಲು ಸಮ, ಒಬ್ಬರೂ ಮಿಗುತ್ತಿರಲಿಲ್ಲ. ರಾಜ ಧರಣೀಪಾಲನಿಗೆ ಇದೇ ಜಂಭ. ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಯುಗಾದಿಯ ದಿನ ಎಲ್ಲರೂ ಮೈದಾನದಲ್ಲಿ ಸಾಲಾಗಿ ನಿಲ್ಲಬೇಕು, ಮಿಕ್ಕವರು ಹೊಳೆ ದಾಟಿ ಹೋಗಬೇಕು. ಅದು ಅಲ್ಲಿನ ಕಟ್ಟಳೆ. ಆ ವರ್ಷ ಊರಲ್ಲಿ ಒಂದು ಮಗು ಹೆಚ್ಚಾಗಿ ಹುಟ್ಟಿತ್ತು. ಹಬ್ಬದ ತಮಟೆಗಳನ್ನು ಬೆಂಕಿಗೆ ಹಿಡಿದು ಹದ ಮಾಡುತ್ತಿದ್ದ ಮಲ್ಲುಗ ಕೊನೆಗೆ ಬಂದ, ಮಿಕ್ಕ.

"ಸಾಲು ಕೆಡಿಸುವವನು ಹೊಳೆಯಾಚೆ ಇರಲಿ" ಎಂದ ರಾಜ. ಹಬ್ಬಕ್ಕೆ ತಮಟೆ ಬೇಕು, ತಮಟೆಯವನು ಬೇಡ! ಎಂಥಾ ನ್ಯಾಯ ನೋಡಿ. ಮಲ್ಲುಗನ ತಾಯಿ ಹೊನ್ನವ್ವ ಸೆರಗು ಕಚ್ಚಿಕೊಂಡು ಅತ್ತಳು.

ಅಷ್ಟರಲ್ಲಿ ಎರಡು ತಲೆಯ ಕಿರುಬನನ್ನೇರಿ ಭೇದಕೇತುವೆಂಬ ಮಂತ್ರವಾದಿ ಬಂದ. "ನಾನು ಕೂಗಿದ ಎಣಿಕೆಗೆ ನಿಮ್ಮ ಸಾಲು ಸಮವಾದರೆ ನೀವೆಲ್ಲ ನನ್ನ ಎತ್ತುಗಳು. ಮೂರು ಸಲ ಕೂಗಿದರೂ ಸಮವಾಗದಿದ್ದರೆ ನನ್ನ ಮಂತ್ರ ಸುಟ್ಟುಹೋಗಲಿ" ಎಂದು ದಂಡ ಎತ್ತಿದ. ಜನರ ಪಾದ ಆಗಲೇ ಗೊರಸಾಗತೊಡಗಿತು. ರಾಜನ ಜಂಭ ಅವನ ಕುತ್ತಿಗೆಗೇ ಬಂದಿತ್ತು.

ಆಚೆ ದಡದಿಂದ ಇದನ್ನೆಲ್ಲ ಕಂಡು ಕೇಳಿದ ಮಲ್ಲುಗ ತಮಟೆಯನ್ನು ತಲೆಯ ಮೇಲೆ ಹೊತ್ತು ಈಜಿ ಬಂದ.

"ಏಯ್, ದೂರ ನಿಲ್ಲೋ! ಸಾಲು ಕೆಡುತ್ತದೆ!" ರಾಜ ಅಭ್ಯಾಸಬಲದಿಂದ ಗದರಿದ.

"ಕೆಡಲಿ ಅಂತಲೇ ಬಂದೆ, ಮಹಾಪ್ರಭು. ನನ್ನನ್ನು ಅಟ್ಟಿದ್ದೂ ಅದಕ್ಕೇ ಅಲ್ಲವೇ?"

ರಾಜನಿಗೆ ನಾಚಿಕೆಯಾಯಿತು. ಮಲ್ಲುಗನ ಕೈ ಹಿಡಿದು ಹೊನ್ನವ್ವನ ಪಕ್ಕ ನಿಲ್ಲಿಸಿ, "ಬಾರಪ್ಪಾ, ಕೆಡಿಸು" ಎಂದ.

"ಏಳು!" ಎಂದ ಮಂತ್ರವಾದಿ. ಏಳೇಳಾಗಿ ನಿಂತರು, ಮಲ್ಲುಗ ಒಬ್ಬನೇ ಮಿಕ್ಕ. ತಮಟೆ ಬಾರಿಸಿದ. ಕಿರುಬನ ಒಂದು ತಲೆ ಮಾಯವಾಯಿತು.

"ಹನ್ನೊಂದು!" ಮಲ್ಲುಗನೂ ಹೊನ್ನವ್ವನೂ ಮಿಕ್ಕರು. ತಮಟೆ ಮೊಳಗಿತು. ಕಿರುಬನೇ ಮಾಯವಾಗಿ ಮಂತ್ರವಾದಿ ನೆಲಕ್ಕೆ ಬಿದ್ದ.

"ಹದಿಮೂರು!" ಈ ಸಲ ಕೊನೆಯ ಸಾಲಿಗೆ ಒಬ್ಬರು ಕಡಿಮೆ. ದಂಡ ಬೂದಿಯಾಯಿತು, ಗೊರಸುಗಳು ಮತ್ತೆ ಪಾದಗಳಾದವು.

ಭೇದಕೇತು ಸುಮ್ಮನಿರಲಿಲ್ಲ. ಹದಿನೇಳು, ಹತ್ತೊಂಬತ್ತು, ಇಪ್ಪತ್ತಮೂರು ಎಂದು ಗಂಟಲು ಕಟ್ಟುವವರೆಗೆ ಕೂಗಿದ. ಆ ಜನರನ್ನು ಸಮನಾಗಿ ಒಡೆಯುವ ಎಣಿಕೆಯೇ ಇರಲಿಲ್ಲ. ನಿಂತರೆ ಎಲ್ಲರೂ ಒಂದೇ ಸಾಲು, ಇಲ್ಲವೇ ಒಬ್ಬೊಬ್ಬರೇ ಒಂದೊಂದು ಸಾಲು. ಕೊನೆಗೆ ಅವನು ಬಾಲ ಮುದುರಿಕೊಂಡು ಓಡಿದ.

ಅಂದಿನಿಂದ ಮೈದಾನಕ್ಕೆ ಕೊನೆಗೆ ಬಂದವರಿಗೇ ಮೊದಲ ಬೇವುಬೆಲ್ಲ. ಹೊಳೆಯಾಚೆ ಯಾರನ್ನೂ ಕಳಿಸಲಿಲ್ಲ, ಎಲ್ಲರೂ ನಗುನಗುತ್ತಾ ಬಾಳಿದರು. ಪರದೇಶದವರು ಬಂದು ಊರಲ್ಲಿ ಎಷ್ಟು ಜನ ಎಂದು ಕೇಳಿದರೆ ರಾಜ ಮೀಸೆ ತಿರುವಿ, "ಎರಡು ಸಾವಿರದ ಐನೂರ ಇಪ್ಪತ್ತೊಂದು!" ಎನ್ನುತ್ತಿದ್ದ.

"ಆ ಒಂದು ನನ್ನ ಮಗ" ಎನ್ನುತ್ತಿದ್ದಳು ಹೊನ್ನವ್ವ.