ಕೌನ್ಸಿಲರ್ ಸಾಹೇಬರ ದೃಷ್ಟಿಗೊಂಬೆ

2007ರ ಫೆಬ್ರವರಿ 18, ಭಾನುವಾರ ಬೆಳಗ್ಗೆ ಹತ್ತೂವರೆಗೆ ಕೌನ್ಸಿಲರ್ ಹರಪಾಲ್ ಚೌಧರಿಯವರು ಹಿಂಬಾಲಕರ ಸಮೇತ ಶಾಂತಿಬಾಗ್ ಠಾಣೆಗೆ ನುಗ್ಗಿ, ಇನ್‌ಸ್ಪೆಕ್ಟರ್ ತಿಪ್ಪೇಸ್ವಾಮಿಯ ಮೇಜಿನ ಮೇಲೆ ಗೊಂಬೆಯ ಆಕಾರಕ್ಕೆ ಕತ್ತರಿಸಿದ ಒಂದು ಪೋಸ್ಟರ್ ಹರಡಿದರು. ಚುನಾವಣೆಗೆ ಮೊದಲೇ ತಮ್ಮನ್ನು ಮುಗಿಸಲು ಯಾರೋ ಮಾಟ ಮಾಡಿಸಿದ್ದಾರೆ ಎಂಬುದು ಅವರ ದೂರು.

ಪೋಸ್ಟರಿನಲ್ಲಿದ್ದುದು ಚೌಧರಿಯವರ ಮುಖವೇ. ಆದರೆ ತಲೆ ಬೂದುಗುಂಬಳಕಾಯಿಯಂತೆ ಊದಿತ್ತು, ಕಣ್ಣುಗುಡ್ಡೆ ಹೊರಬಂದಿತ್ತು, ಮೀಸೆ ಕಿವಿ ಮುಟ್ಟಿತ್ತು, ಕೆಂಪು ನಾಲಿಗೆ ಎದೆಯವರೆಗೆ ಇಳಿದಿತ್ತು. ನೆತ್ತಿಗೆ ಕಪ್ಪು ದಾರ. ತಿಪ್ಪೇಸ್ವಾಮಿ ಕೆಮ್ಮಿನ ನೆಪ ಮಾಡಿ ಕರವಸ್ತ್ರಕ್ಕೆ ಬಾಯಿ ಒತ್ತಿಕೊಂಡ. ಉತ್ತರದ ಈ ಹಿಂದಿ ಊರಿನವರಿಗೆ ಗೊತ್ತಿಲ್ಲದಿದ್ದರೂ, ಅವನ ಹುಟ್ಟೂರು ಚಿತ್ರದುರ್ಗದಲ್ಲಿ ಹೊಸದಾಗಿ ಕಟ್ಟುವ ಮನೆಗಳ ಮುಂದೆ ಇಂಥದ್ದೊಂದು ತೂಗುತ್ತಿರುತ್ತದೆ. ಅದು ಕೊಲ್ಲುವ ಮಾಟವಲ್ಲ, ಕಣ್ಣು ಬೀಳದಂತೆ ಕಾಯುವ ದೃಷ್ಟಿಗೊಂಬೆ. ಹಾಗೆಂದರೆ ಕೇಳುವ ಪೈಕಿಯಲ್ಲ ಚೌಧರಿಯವರು. ಜೀವಬೆದರಿಕೆ ಎಂದೇ ಎಫ್‌ಐಆರ್ ಆಗಬೇಕೆಂದು ಪಟ್ಟು ಹಿಡಿದು, ಮಾಡಿಸಿಕೊಂಡೇ ಎದ್ದರು.

ಮಧ್ಯಾಹ್ನ ಹೆಡ್ ಕಾನ್‌ಸ್ಟೆಬಲ್ ದಲ್ಬೀರನ ಜೊತೆ ಪೋಸ್ಟರ್ ಸಿಕ್ಕ ಸ್ಥಳಕ್ಕೆ ಹೋದರೆ, ಅದು ಅರ್ಧಕ್ಕೆ ನಿಂತ ಸಮುದಾಯ ಭವನ. ಕಾಂಪೌಂಡಿನ ಮೇಲೆ ಅಂಥದೇ ಇನ್ನೊಂದು ಕಾಗದದ ಗೊಂಬೆ ಉಳಿದಿತ್ತು, ಜನ ನಿಂತು ನಗುತ್ತಿದ್ದರು. ಪಂಚನಾಮೆಯಲ್ಲಿ ಕಂಡದ್ದನ್ನೆಲ್ಲ ಬರೆಸುವುದು ತಿಪ್ಪೇಸ್ವಾಮಿಯ ಹಳೆಯ ಚಾಳಿ. ಗೊಂಬೆ, ಗೊಂಬೆಯ ಕೆಳಗೆ ಕೈಮುಗಿದ ಚೌಧರಿಯವರದೇ ಪೋಸ್ಟರ್, ಅದರ ಕೆಳಗೆ ಸರ್ಕಾರಿ ಗೋಡೆ. ಕೆಳಗಿನ ಪೋಸ್ಟರನ್ನೂ ಬರೀಬೇಕಾ ಎಂದು ದಲ್ಬೀರ್ ಕೇಳಿದ. ಬರಿ ಎಂದ. ಗೊಂಬೆಗಳು ನಿನ್ನೆ ಬಂದವು, ಹೋದ ತಿಂಗಳೂ ಬಂದಿದ್ದವು ಎಂದು ಎದುರಿನ ಚಹಾ ಅಂಗಡಿಯವನು ತಾರೀಖು ಸಮೇತ ಹೇಳಿದ.

ರಾತ್ರಿ ಊಟಕ್ಕೆ ಕೂತಾಗಲೂ ಆ ತಾರೀಖುಗಳು ಅವನ ತಲೆ ತಿನ್ನುತ್ತಿದ್ದವು. ಹೆಂಡತಿ ರತ್ನಾ ಅಡುಗೆಮನೆಯ ಕ್ಯಾಲೆಂಡರಿನತ್ತ ಸೌಟು ತೋರಿಸಿದಳು.

"ಎರಡೂ ಅಮಾವಾಸ್ಯೆ. ದೃಷ್ಟಿಗೊಂಬೆ ಮತ್ತ್ಯಾವಾಗ ಬದಲಾಯಿಸ್ತಾರೆ? ಇದಕ್ಕೂ ತನಿಖೆ ಬೇಕಾ ನಿಮಗೆ?"

ಮುಂದಿನ ಅಮಾವಾಸ್ಯೆ ಮಾರ್ಚ್ 18. ಬೆಳಕು ಹರಿಯುವ ಹೊತ್ತಿಗೆ ತಿಪ್ಪೇಸ್ವಾಮಿ ಮಫ್ತಿಯಲ್ಲಿ ಭವನದ ಬಳಿ ನಿಂತಿದ್ದ. ಸೈಕಲ್ ರಿಕ್ಷಾದಲ್ಲಿ ಏಣಿ ಹೇರಿಕೊಂಡು ಬಂದ ಹುಡುಗಿಯೊಬ್ಬಳು, ಏಣಿ ಸ್ವಲ್ಪ ಹಿಡಿಯುತ್ತೀರಾ ಭಯ್ಯಾ ಎಂದು ಹಿಂದಿಯಲ್ಲಿ ಕೇಳಿದಳು. ಅವನು ಹಿಡಿದ. ಅವಳು ಗೊಂಬೆ ಕಟ್ಟಿ ಕೆಳಗಿಳಿದ ಮೇಲೆ ಕನ್ನಡದಲ್ಲಿ ಬಾಯಿಬಿಟ್ಟ.

"ನಾಲಿಗೆ ಇನ್ನೂ ಸ್ವಲ್ಪ ಉದ್ದ ಇರಬೇಕಿತ್ತಲ್ವೇನಮ್ಮಾ?"

"ಅಂಕಲ್, ನೀವು ಕನ್ನಡದವರಾ?" ಅವಳ ಮುಖ ಅರಳಿತು.

"ಹೌದು. ಪೊಲೀಸಿನವನು ಕೂಡ. ನಡಿ, ಠಾಣೆಗೆ."

ಹೆಸರು ಶ್ರೀವಿದ್ಯಾ, ಊರು ದಾವಣಗೆರೆ. ಇಲ್ಲಿಗೆ ಬಂದು ಚಿತ್ರಕಲೆ ಓದು ಮುಗಿಸಿ, ಇಲ್ಲಿಯದೇ ಸರ್ಕಾರಿ ಶಾಲೆಗೆ ಡ್ರಾಯಿಂಗ್ ಟೀಚರಾಗಿ ಆಯ್ಕೆಯಾಗಿದ್ದಳು. ಇನ್ನು ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ. ಜೀವಬೆದರಿಕೆಯ ಕೇಸು ನಿಂತರೆ ಕೆಲಸ ಕೈತಪ್ಪಿದಂತೆಯೇ. ಬಂಧನದ ಕಾಗದಕ್ಕೆ ಸಹಿ ಹಾಕುವ ಮೊದಲು, ಇದು ಶಾಲೆಯವರಿಗೆ ಗೊತ್ತಾಗುತ್ತದಾ ಎಂದು ಅವಳು ಕೇಳಿದಾಗ ತಿಪ್ಪೇಸ್ವಾಮಿಗೆ ನಿಜಕ್ಕೂ ಕರುಳು ಚುರುಕ್ ಎಂದಿತು. ಆದರೂ ಕೇಳುವುದನ್ನು ಕೇಳಲೇಬೇಕಿತ್ತು.

"ಚೌಧರಿಯವರ ಮೇಲೆ ದ್ವೇಷವಾ?"

"ಇಲ್ಲ ಸರ್."

"ಮತ್ತೆ ಯಾಕೆ?"

"ಆ ಹಾಲ್‌ನಲ್ಲಿ ಮಕ್ಕಳಿಗೆ ಚಿತ್ರ ಹೇಳಿಕೊಡೋಕೆ ಜಾಗ ಕೊಡ್ತೀನಿ ಅಂದಿದ್ರು. ಮೂರು ಸಲ ಶಿಲಾನ್ಯಾಸ ಆಯ್ತು, ಛಾವಣಿ ಬರಲಿಲ್ಲ. ಮೊದಲು ಬೈದು ಪೋಸ್ಟರ್ ಅಂಟಿಸಿದೆ ಸರ್, ಒಬ್ಬರೂ ನಿಂತು ಓದಲಿಲ್ಲ. ನಗಿಸಿದೆ, ಇಡೀ ಬೀದಿ ನಿಂತ್ಕೊಳ್ತು."

ಹನ್ನೊಂದಕ್ಕೆ ಚೌಧರಿಯವರು ಬಂದರು. ತಿಪ್ಪೇಸ್ವಾಮಿ ಪಂಚನಾಮೆಯನ್ನು ನಿಧಾನವಾಗಿ ಓದಿ ಹೇಳಿದ. ಗೋಡೆ ಕೆಡಿಸಿದ ಕಲಂ ಹಾಕಿದರೆ ಆರೋಪಿಗಳು ಇಬ್ಬರಾಗುತ್ತಾರೆ, ಕೆಳಗಿನ ಪೋಸ್ಟರ್ ಯಾರದೆಂದು ಗೊತ್ತಲ್ಲ ಎಂದ. ಆಮೇಲೆ ಗೊಂಬೆ ಯಾಕೆ ಕಟ್ಟುತ್ತಾರೆಂದು ವಿವರಿಸಿದ. ಚೌಧರಿಯವರು ಗೊಂಬೆಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೊನೆಗೆ ದನಿ ತಗ್ಗಿಸಿ, ಎದುರಾಳಿಗಳ ಕಣ್ಣೂ ಇದು ತಡೆಯುತ್ತದೆಯೇ ಎಂದು ಕೇಳಿದರು. ತಡೆಯುತ್ತದೆ ಎಂದು ತಿಪ್ಪೇಸ್ವಾಮಿ ಮುಖ ಬಿಗಿಹಿಡಿದು ಹೇಳಿದ. ಚೌಧರಿಯವರು ತಮಗೆ ಯಾವ ಬೆದರಿಕೆಯೂ ಇಲ್ಲ ಎಂದು ಹೇಳಿಕೆ ಬರೆಸಿ, ತಮ್ಮ ಮನೆ ಬಾಗಿಲಿಗೆ ಕಟ್ಟಲು ಒಂದು ಗೊಂಬೆಯನ್ನು ಕೇಳಿ ಪಡೆದುಕೊಂಡು ಹೋದರು. ಕಡತದಲ್ಲಿ ಗೋಡೆ ಕೆಡಿಸಿದ್ದಷ್ಟೇ ಉಳಿಯಿತು, ಪಂಚನಾಮೆಯಲ್ಲಿದ್ದಂತೆ ಇಬ್ಬರ ಹೆಸರಿನಲ್ಲೂ. ಅದು ಬರೀ ದಂಡದ ಕೇಸು, ಟೀಚರ್ ಕೆಲಸಕ್ಕೆ ಅಡ್ಡಿಯಾಗುವಂಥದ್ದಲ್ಲ. ಶ್ರೀವಿದ್ಯಾ ಜಾಮೀನಿನ ಮೇಲೆ ಹೊರಬಂದಳು.

ಮರುದಿನ ಬೆಳಗ್ಗೆ ತಿಪ್ಪೇಸ್ವಾಮಿ ಠಾಣೆಗೆ ಬಂದಾಗ ಸಿಬ್ಬಂದಿಯೆಲ್ಲ ಅಂಗಳದಲ್ಲಿ ತಲೆ ಎತ್ತಿ ನಿಂತಿದ್ದರು. ನಾಲ್ಕು ವರ್ಷದಿಂದ ಗಿಲಾವು ಕಾಣದೆ ಅರ್ಧಕ್ಕೆ ನಿಂತ ಠಾಣೆಯ ಮೇಲ್ಮಹಡಿಯ ಕಂಬಿಗೆ ಹೊಸ ಗೊಂಬೆ ತೂಗುತ್ತಿತ್ತು. ಬೂದುಗುಂಬಳದ ಮುಖ, ಅವನದೇ ದಪ್ಪ ಮೀಸೆ, ಅವನದೇ ಕನ್ನಡಕ. ನಿನ್ನೆ ಜಾಮೀನಿಗೆ ಕಾಯುತ್ತ ಕೂತಿದ್ದವಳಿಗೆ ಕಾಗದ, ಬಣ್ಣ ತಂದುಕೊಟ್ಟವನು ಯಾರೆಂದು ದಲ್ಬೀರನ ಮುಖವೇ ಹೇಳುತ್ತಿತ್ತು. ಇಳಿಸಲೇ ಸರ್ ಎಂದು ಅವನು ಮೆಲ್ಲಗೆ ಕೇಳಿದ.

ತಿಪ್ಪೇಸ್ವಾಮಿಗೆ ಮೊದಲು ಕೋಪವೇ ಬಂತು. ಮೂರು ಸಲ ಮೇಲೆ ನೋಡಿದ, ಮೀಸೆ ಮುಟ್ಟಿಕೊಂಡ. ಆಮೇಲೆ ಕರವಸ್ತ್ರಕ್ಕೆ ಕೈ ಹೋಗುವ ಮೊದಲೇ ನಗು ಹೊರಬಿತ್ತು.

"ಬೇಡ, ಇರಲಿ," ಎಂದ. ನೇರ ಒಳಗೆ ಹೋಗಿ, ಮೇಲ್ಮಹಡಿಯ ಕೆಲಸ ಎಲ್ಲಿಗೆ ಬಂತು ಎಂದು ಕೇಳಲು ಕಂಟ್ರಾಕ್ಟರನಿಗೆ ಫೋನ್ ಹಚ್ಚಿದ.