ಟ್ರೇಲರಿನ ಹಕ್ಕಿಗೂಡು

ವ್ಯಾಸರಾಜನ ಎದೆಯಲ್ಲಿ ಮುಳ್ಳಿನಂತೆ ಮುರಿದು ಉಳಿದದ್ದು ಒಂದೇ ಮಾತು: ‘ಹೆಲ್ಪು’.

೧೯೮೫ರ ಯುಗಾದಿಗೆ ಸ್ಯಾನ್ ರಮೋನ್‌ನ ಶಾಲೆಯೊಂದರಲ್ಲಿ ಕನ್ನಡದವರೆಲ್ಲ ಸೇರಿ ವೆಂಕಟಾಚಲನಿಗೆ ಮೈಸೂರು ಪೇಟ ತೊಡಿಸಿದರು. ಅಮೆರಿಕದಲ್ಲಿ ಯಂತ್ರವೊಂದಕ್ಕೆ ಪೇಟೆಂಟು ಪಡೆದ ನಮ್ಮವನೆಂದು ಸನ್ಮಾನ. ಆ ಯಂತ್ರದ ವಿನ್ಯಾಸಕ್ಕಾಗಿ ಎರಡು ವರ್ಷ ನಿದ್ದೆಗೆಟ್ಟವನು ವ್ಯಾಸರಾಜ. ಶಾಲಿನ ತಟ್ಟೆ ಹಿಡಿದು ವೇದಿಕೆಯ ಮೇಲೆ ನಿಂತವನೂ ಅವನೇ. “ನಮ್ ವ್ಯಾಸೂನೂ ತುಂಬಾ ಹೆಲ್ಪು ಮಾಡಿದಾನೆ” ಎಂದು ವೆಂಕಟಾಚಲ ಮೈಕಿನಲ್ಲಿ ನಕ್ಕಾಗ ಸಭೆ ಅವನಿಗೂ ಒಂದಷ್ಟು ಚಪ್ಪಾಳೆ ತಟ್ಟಿತು. ವ್ಯಾಸರಾಜನೂ ನಕ್ಕು ಶಾಲಿನ ತಟ್ಟೆ ಮುಂದೆ ಚಾಚಿದ. ಆದರೆ ಅಂದೇ ತೀರ್ಮಾನವಾಗಿಹೋಯಿತು.

ದಾರಿ ಸಿಕ್ಕಿದ್ದು ದಂತವೈದ್ಯರ ಕ್ಲಿನಿಕ್ಕಿನಲ್ಲಿ, ಹಳೆಯ ಪತ್ರಿಕೆಯೊಂದರ ಪುಟದಲ್ಲಿ. ನೂರಾರು ಮೈಲಿ ದೂರ, ದಕ್ಷಿಣದ ಮರುಭೂಮಿಯ ಸರ್ಕಾರಿ ನೆಲದಲ್ಲಿ ಚಳಿಗಾಲವಿಡೀ ಟ್ರೇಲರು, ಅಂದರೆ ಗಾಲಿಮನೆ, ನಿಲ್ಲಿಸಿಕೊಂಡು ಇರಬಹುದಂತೆ. ಕೆಲವೇ ಡಾಲರಿನ ಚೀಟಿ ಸಾಕು. ನಲ್ಲಿ ಇಲ್ಲ, ಕರೆಂಟಿಲ್ಲ. ನೀರು ತಾವೇ ತರಬೇಕು, ಕಸ ತಾವೇ ಒಯ್ಯಬೇಕು. ಕೊನೆಯಲ್ಲಿ ಒಂದು ಎಚ್ಚರಿಕೆ: ಹೀಟರಿನ ಹೊಗೆಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿದರೆ ವಿಷಗಾಳಿ ಒಳಗೇ ತುಂಬುತ್ತದೆ, ವಾಸನೆ ಇರುವುದಿಲ್ಲ, ಮಲಗಿದವರು ಏಳುವುದಿಲ್ಲ. ವ್ಯಾಸರಾಜ ಪತ್ರಿಕೆಯನ್ನು ಇದ್ದಲ್ಲೇ ಇಟ್ಟು ಬಂದ. ಹರಿದುಕೊಂಡು ಬರುವಷ್ಟು ದಡ್ಡ ಅವನಲ್ಲ.

ಗೂಡು ಸ್ಯಾನ್ ರಮೋನ್ ಪಕ್ಕದ ಡ್ಯಾನ್‌ವಿಲ್‌ನ ಅವನ ಮನೆಯ ಹಿತ್ತಲಲ್ಲೇ, ಎತ್ತರದ ಮರವೊಂದರ ಕೆಳಗೆ ಬಿದ್ದಿತ್ತು; ಎತ್ತಿಟ್ಟುಕೊಂಡ. ಮನುಷ್ಯ ಕಟ್ಟಿದ್ದಾದರೆ ಸುಳಿವು ಉಳಿದೀತು. ಹಕ್ಕಿ ಕಟ್ಟಿದ್ದರಲ್ಲಿ ಯಾರ ಬೆರಳಚ್ಚು? ಟ್ರೇಲರನ್ನು ಊರಿನಿಂದ ಒಯ್ಯಲಿಲ್ಲ. ಮರುಭೂಮಿಯಲ್ಲೇ ಬಿಡಾರ ಹೂಡಿದ್ದ ಡೋರಿಸ್ ಎಂಬ ಮುದುಕಿಯ ಬಳಿ ಹೆಚ್ಚಿನದೊಂದು ಇತ್ತು, ಅದನ್ನೇ ಬಾಡಿಗೆಗೆ ಹಿಡಿದ. ಟ್ರೇಲರೂ ಪರರದ್ದು, ಹೀಟರೂ ಪರರದ್ದು. ಬೇಜವಾಬ್ದಾರಿಯ ದೂರು ಬಂದರೆ ಅದೂ ಪರರದ್ದೇ.

ಡಿಸೆಂಬರಿನ ರಜೆಗೆ ವೆಂಕಟಾಚಲನ ಹೆಂಡತಿ ಜಲಜಾ ಬೆಂಗಳೂರಿಗೆ ಹೋಗಿದ್ದಳು. ವ್ಯಾಸರಾಜ ಕರೆದದ್ದೇ ತಡ, ವೆಂಕಟಾಚಲ ಹೊರಟುಬಂದ. ಮಡಚುಕುರ್ಚಿಯಲ್ಲಿ ಕೂತು, ತಾನೇ ಕಲಸಿದ ಅವಲಕ್ಕಿ ತಿನ್ನುತ್ತ, ದಿಗಂತದ ತನಕ ಬಯಲನ್ನೇ ನೋಡಿದ.

“ಆಫೀಸಿಲ್ಲ, ಫೋನಿಲ್ಲ, ಮೀಟಿಂಗಿಲ್ಲ! ಜಲಜಾನೂ ಇರಬೇಕಿತ್ತು ಕಣೋ.”

ಎರಡು ರಾತ್ರಿ ಹೀಟರು ಹಚ್ಚಲಿಲ್ಲ. ಗ್ಯಾಸು ಉಳಿಯಲಿ, ಕಂಬಳಿ ಸಾಕು ಎಂದ ವ್ಯಾಸರಾಜ. ಎರಡನೆಯ ಸಂಜೆ ಅವನು ನಡುಗುವುದನ್ನು ಕಂಡು ವೆಂಕಟಾಚಲ ತನ್ನ ಸ್ವೆಟರನ್ನೇ ಬಿಚ್ಚಿ ಕೊಟ್ಟ. ಅದರಲ್ಲಿ ಇನ್ನೂ ಅವನ ಮೈಶಾಖವಿತ್ತು. ಬಿಟ್ಟುಬಿಡಲೇ, ಎಂದುಕೊಂಡ ವ್ಯಾಸರಾಜ. ಮೈಸೂರಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು.

“ಮುಂದಿನ ಪ್ರಾಜೆಕ್ಟಲ್ಲೂ ನೀನಿರಬೇಕು. ನಿನ್ ಹೆಲ್ಪಿಲ್ದೆ ನಂಗಾಗಲ್ಲ” ಎಂದ ವೆಂಕಟಾಚಲ.

ಸ್ವೆಟರು ತಣ್ಣಗಾಯಿತು.

ಬೆಳಿಗ್ಗೆ ಏಳಕ್ಕೆ, ಬಿಸಿಲು ಬಂದರೂ ನೆಲ ಕೊರೆಯುತ್ತಿದ್ದಾಗ, ವ್ಯಾಸರಾಜ ಹೊರಗೆ ಹೋಗಿ ಗೂಡನ್ನು ಹೊಗೆಕೊಳವೆಯೊಳಗೆ ಒತ್ತಿದ. ಒಳಗೆ ಬಂದು ಹೀಟರು ಹಚ್ಚಿದ.

“ನೀನು ಮಲಗು. ನಾನು ನೀರು ತರ್ತೀನಿ.”

“ನಾನೂ ಬರ್ಲೇನೋ?” ಕಂಬಳಿಯೊಳಗಿಂದ ನಿದ್ದೆಗಣ್ಣಿನ ದನಿ.

“ಬೇಡ.”

ಹತ್ತಿರದ ಊರಿನಲ್ಲಿ ಕ್ಯಾನುಗಳನ್ನು ನಿಧಾನವಾಗಿ ತುಂಬಿಸಿದ, ಅಂಗಡಿಯವನ ಜೊತೆ ಹವಾಮಾನ ಮಾತಾಡಿದ, ರಸೀತಿಯನ್ನು ಜೇಬಿಗಿಳಿಸಿದ. ಹನ್ನೊಂದಕ್ಕೆ ಮರಳಿ ಬಾಗಿಲು ತೆರೆದಿಟ್ಟು, ಉಸಿರು ಬಿಗಿಹಿಡಿದು ಒಳಗೆ ಹೋದ. ಕಂಬಳಿಯಿಂದ ಹೊರಚಾಚಿದ್ದ ಪಾದ ಮುಟ್ಟಿದ. ಅಳಬೇಕೆಂದು ಮೊದಲೇ ಯೋಚಿಸಿಟ್ಟಿದ್ದ. ಆದರೆ ಬಂದ ಅಳು ನಿಜದ್ದು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಡೋರಿಸ್ ತನ್ನ ಬಿಡಾರದಿಂದ ಓಡಿಬಂದು ಅವನನ್ನು ತಬ್ಬಿ ಹಿಡಿದಳು.

ಪೊಲೀಸ್ ಅಧಿಕಾರಿ ಕೊಳವೆಯಿಂದ ಗೂಡನ್ನು ಎಳೆದು ಮೇಜಿನ ಮೇಲಿಟ್ಟು, ಪ್ರತಿ ಚಳಿಗಾಲದಲ್ಲೂ ಇಂಥದ್ದೊಂದು ಆಗುತ್ತದೆ ಎಂದು ನಿಟ್ಟುಸಿರಿಟ್ಟ. ವರದಿಗೆ ಸಹಿಯೊಂದೇ ಬಾಕಿ. ತನ್ನ ಟ್ರೇಲರಿನಿಂದ ಒಂದು ಜೀವ ಹೋಯಿತಲ್ಲ ಎಂದು ಡೋರಿಸ್ ಅಳುತ್ತ ಗೂಡನ್ನು ಎತ್ತಿಕೊಂಡಳು. ಬೆರಳಿನಿಂದ ಅದನ್ನು ಬಿಡಿಸುತ್ತ ಬಿಡಿಸುತ್ತ ಅವಳ ಅಳು ನಿಂತಿತು. “ಇದು ರೆಡ್‌ವುಡ್ ಮರದ ಎಲೆ,” ಎಂದಳು. “ನಮ್ಮಪ್ಪ ಉತ್ತರದ ಕರಾವಳಿಯಲ್ಲಿ ಇದೇ ಮರ ಕಡೀತಿದ್ದ. ಮಂಜು ಕವಿಯೋ ಸೀಮೆಯ ಮರ ಇದು, ಈ ಮರಳಲ್ಲಿ ಬೆಳೆಯಲ್ಲ. ನನ್ನ ಟ್ರೇಲರು ಈ ಮರುಭೂಮಿ ಬಿಟ್ಟು ಕದಲಿ ಒಂಬತ್ತು ವರ್ಷ ಆಯ್ತು.” ಅಧಿಕಾರಿ ಆ ಒಣಗಿದ ಎಲೆಯನ್ನು ಅಂಗೈಯಲ್ಲಿಟ್ಟು ನೋಡಿದ. ಸಹಿಗೆ ತೆರೆದಿದ್ದ ಪೆನ್ನನ್ನು ಮುಚ್ಚಿ, ವ್ಯಾಸರಾಜನ ಕಡೆ ತಿರುಗಿ, ಮರ್ಯಾದೆಯಿಂದಲೇ ಕೇಳಿದ: “ಡ್ಯಾನ್‌ವಿಲ್‌ನಲ್ಲಿ ನಿಮ್ಮ ಮನೆ ಹತ್ತಿರ ಯಾವ್ಯಾವ ಮರ ಇವೆ, ಸರ್?”