ಇಟಲಿ ಕಾದಂಬರಿಗಳ ಕಡೆಯ ಹಾಳೆಗಳು

ಸಂಕ್ರಾಂತಿ ಮುಗಿದಿತ್ತು. ಹಿಂಗಾರಿಯ ಬಿಳಿಜೋಳ ಕಾಳು ಕಟ್ಟಿ ತೆನೆ ಬಾಗಿಸಿದ್ದ ಕಾಲ ಅದು. ಸೋಮವಾರ ಮುಂಜಾನೆ ಹತ್ತೂವರೆಯ ಹೊತ್ತಿಗೆ ನವಲಗುಂದದ ಠಾಣೆಗೆ ಮೂವರು ಬಂದರು. ಮುಂದೆ ಕೋಲೂರಿಕೊಂಡು ಶಂಭುಲಿಂಗಪ್ಪ, ಅವನ ಬೆನ್ನಿಗೆ ಹೆಂಡತಿ ಕಸ್ತೂರೆವ್ವ, ಅವರ ಹಿಂದೆ ಪೇಟೆ ಓಣಿಯ ವಾಚನಾಲಯ ನೋಡಿಕೊಳ್ಳುವ ಅಮೃತಾ. ಅಮೃತಾ ಐದು ಪುಸ್ತಕಗಳನ್ನು ಎದೆಗವಚಿಕೊಂಡಿದ್ದಳು.

ಇನ್ಸ್‌ಪೆಕ್ಟರ್ ಕಾಶಿನಾಥ ಕುರ್ಚಿ ತೋರಿಸಿದ. ಠಾಣೆಗೆ ಇರುವುದು ನಾಲ್ಕೇ ಮೆಟ್ಟಿಲು. ಅಷ್ಟಕ್ಕೇ ಶಂಭುಲಿಂಗಪ್ಪನಿಗೆ ಏದುಸಿರು ಬಂದಿತ್ತು. ಹುಬ್ಬಳ್ಳಿ ಬಸ್ಸಿನಲ್ಲಿ ಕಂಡಕ್ಟರನಾಗಿ ಕೂಗಿ ಕೂಗಿ ಪಳಗಿದ ಗಂಟಲು ಮಾತ್ರ ಇನ್ನೂ ಗಟ್ಟಿ ಇತ್ತು.

“ಸಾಹೇಬ್ರ, ಐದು ಮಂದಿ ಕೊಲಿಗಾರ್ರನ್ನ ಯಾರೋ ಎತ್ತಿಕೊಂಡು ಹೋಗ್ಯಾರ್ರಿ.”

ಬಾಜೂ ಮೇಜಿನಲ್ಲಿ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಮಹಾಲಕ್ಷ್ಮಿ ತಲೆಯೆತ್ತಿದಳು.

“ಎಲ್ಲಿಯ ಕೊಲಿಗಾರರು?” ಕಾಶಿನಾಥ ಕೇಳಿದ.

“ಇಟಲಿ ದೇಶದವರ್ರಿ.”

“ಸಮಾಧಾನದಿಂದ ಹೇಳ್ರಿ,” ಎಂದಳು ಕಸ್ತೂರೆವ್ವ. “ತಲಿ ಕೆಟ್ಟೈತಿ ಅಂದಾರು.”

ಆಮೇಲೆ ಅಮೃತಾ ಬಿಡಿಸಿ ಹೇಳಿದಳು. ಇಟಲಿಯಲ್ಲಿ ಈಗಲೂ ಬರೆಯುತ್ತಿರುವ ಒಬ್ಬ ಪತ್ತೇದಾರಿ ಲೇಖಕನ ಏಳು ಕಾದಂಬರಿಗಳು ಕನ್ನಡಕ್ಕೆ ಬಂದಿದ್ದವು. ಅವನ ಹೆಸರು ಯಾರ ಬಾಯಲ್ಲೂ ನಿಲ್ಲದೆ ವಾಚನಾಲಯದಲ್ಲಿ ಎಲ್ಲರೂ ‘ಇಟಲಿಯಾಂವ’ ಎಂದೇ ಕರೆಯುತ್ತಿದ್ದರು. ಅಮೃತಾ ಏಳನ್ನೂ ಓದಿ ಮೆಚ್ಚಿ, ಬೇರೆ ಹಲಗೆಯ ಮೇಲೆ ಸಾಲಾಗಿ ಇಟ್ಟು, ‘ಇವನ್ನು ಓದಲೇಬೇಕು’ ಎಂದು ಚೀಟಿ ಅಂಟಿಸಿದ್ದಳು. ಅಚ್ಚು ಮುಗಿದು ಎಲ್ಲೂ ಸಿಗದ ಪುಸ್ತಕಗಳಾದ್ದರಿಂದ ಮನೆಗೆ ಒಯ್ಯಲು ಕೊಡುತ್ತಿರಲಿಲ್ಲ. ಶಂಭುಲಿಂಗಪ್ಪ ದಿನಾ ಮಧ್ಯಾಹ್ನ ಬಂದು ಅಲ್ಲೇ ಓದುತ್ತಿದ್ದ. ಮೊದಲಿನ ಎರಡು ಸುಖವಾಗಿ ಮುಗಿದವು. ಮೂರನೆಯದರಲ್ಲಿ ಕಡೆಯ ಅಧ್ಯಾಯವೇ ಇರಲಿಲ್ಲ. ಅಚ್ಚಿನ ತಪ್ಪಿರಬೇಕೆಂದು ನಾಲ್ಕನೆಯದು ಹಿಡಿದ. ಅದರಲ್ಲೂ ಇಲ್ಲ. ಶನಿವಾರ ಅಮೃತಾ ಎಲ್ಲ ತೆಗೆದು ನೋಡಿದರೆ, ಮೂರರಿಂದ ಏಳರವರೆಗೆ ಐದೂ ಪುಸ್ತಕಕ್ಕೆ ಕೊನೆ ಇರಲಿಲ್ಲ.

“ಅಲ್ಲೂ ಭತ್ತದ ಗದ್ದಿ, ಬದುವಿನ ಜಗಳ, ಅಣ್ಣತಮ್ಮರ ಕೋರ್ಟು, ಎಲ್ಲಾ ನಮ್ಮಂಗ ಐತ್ರಿ,” ಎಂದ ಶಂಭುಲಿಂಗಪ್ಪ. “ಮೊಣಕಾಲು ನೋಯೋ ಒಬ್ಬಾಕಿ ಹೆಣ್ಣು ಅಧಿಕಾರಿ ಸೈಕಲ್ ಮ್ಯಾಲ ತಿರಗಾಡಿ ಪತ್ತೆ ಹಚ್ಚತಾಳ. ಚರ್ಚಿನ ಗಂಟಿ ಹೊಡಿಯಾಂವನ್ನ ಕೊಂದಾಂವ ಇಂವನ ಅಂತ ಬೊಟ್ಟು ಮಾಡಬೇಕು, ಅಷ್ಟೊತ್ತಿಗೆ ಹಾಳಿನ ಇಲ್ಲ! ನನ್ನ ಎದಿ ಹೆಂಗ ಆಗಿರಬೇಡ?”

“ಇವರ ಎದಿ ಹೆಂಗೈತಿ ಅಂತ ಹುಬ್ಬಳ್ಳಿ ಡಾಕ್ಟರು ಹೇಳ್ಯಾರ್ರಿ,” ಕಸ್ತೂರೆವ್ವ ನಡುವೆ ಬಾಯಿ ಹಾಕಿದಳು. “ರಕ್ತದ ನಾಳ ಕಟ್ಟ್ಯಾವ. ಈ ಶುಕ್ರವಾರ ಆಪರೇಶನ್ ಐತಿ, ಗುರುವಾರ ಬಂದು ಸೇರ್ರಿ ಅಂದಾರ. ಮಾಡಿಸಿದ್ರ ಉಳೀತಾರ, ಇಲ್ಲಂದ್ರ ಯುಗಾದಿ ಕಾಣೂದು ಕಷ್ಟ ಅಂದಾರ. ಇವರು ಒಲ್ಲೆ ಅಂತಾರ.”

“ಯಾಕ್ರಿ ಕಾಕಾ?”

“ಮಗಳು ತನ್ನ ಮನ್ಯಾಗ ಚಂದ ಅದಾಳ. ಸುತ್ತಾಡಿದ್ದು ಸಾಕಾಗೇತಿ,” ಶಂಭುಲಿಂಗಪ್ಪ ಹವಾಮಾನದ ಮಾತಾಡುವಂತೆ ಹೇಳಿದ. “ಉಳಿದದ್ದು ಇದೊಂದ ಆಸೆ ಇತ್ತು. ಈ ಏಳು ಪುಸ್ತಕ ಮುಗದ್ರ ನಾ ಹೋಗಾಕ ತಯಾರ. ಎದಿ ಸೀಳಿಸಿಕೊಂಡು ಮತ್ತೇನ ಮಾಡೂದೈತ್ರಿ?”

ಕಸ್ತೂರೆವ್ವ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು.

ಕಾಶಿನಾಥನಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಪುಸ್ತಕದ ಹಾಳೆ ಹೋದವೆಂದು ಠಾಣೆಗೆ ಬಂದವರನ್ನು ಅವನು ಈವರೆಗೆ ನೋಡಿರಲಿಲ್ಲ. ಆದರೂ ಕಟ್ಟಡದೊಳಗಿನ ಕಳವು ಕಳವೇ. ಅಮೃತಾಳಿಂದ ಲಿಖಿತ ದೂರು ಪಡೆದು ಎಫ್‌ಐಆರ್ ದಾಖಲಿಸಿದ. ಕಳುವಾದ ಮಾಲು ಎಂಬಲ್ಲಿ ಏನು ಬರೆಯಲಿ ಎಂದು ಮಹಾಲಕ್ಷ್ಮಿ ಕೇಳಿದಳು.

“ಐದು ಕಾದಂಬರಿಗಳ ಕಡೆಯ ಅಧ್ಯಾಯಗಳು.”

“ಕೊಲಿಗಾರರು ಅಂತ ಬರೀರಿ,” ಎಂದ ಶಂಭುಲಿಂಗಪ್ಪ.

ಮಧ್ಯಾಹ್ನ ಕಾಶಿನಾಥ ಮಹಾಲಕ್ಷ್ಮಿಯನ್ನು ಕರೆದುಕೊಂಡು ವಾಚನಾಲಯಕ್ಕೆ ಹೋದ. ಒಂದೇ ಉದ್ದನೆಯ ಕೋಣೆ. ಗೋಡೆಗುಂಟ ಕಪಾಟುಗಳು, ನಡುವೆ ನೆಲಕ್ಕೆ ಜಮಖಾನೆ ಹಾಸಿ ಗಿಡ್ಡ ಮೇಜುಗಳನ್ನಿಟ್ಟಿದ್ದರು. ಬಾಗಿಲ ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಬಾಗಿರಲಿಲ್ಲ. ಹಾಡಹಗಲೇ, ಒಳಗೆ ಬಂದು ಹೋಗುವವರೇ ಮಾಡಿದ ಕೆಲಸ.

ಮೂಲೆಯಲ್ಲಿ ನೌಕರಿಯ ಪರೀಕ್ಷೆಗೆ ಓದುವ ನಾಲ್ಕಾರು ಹುಡುಗರಿದ್ದರು. ಕಾಶಿನಾಥ ಮೊದಲು ಅವರನ್ನು ಕೇಳಿದ.

“ಮುದುಕನ ಜೋಡಿ ನಿಮ್ಮದೇನರ ತಕರಾರಿತ್ತೇನು?”

“ಇತ್ರಿ ಸರ್,” ಒಬ್ಬ ಒಪ್ಪಿಕೊಂಡ. “ಮನಸಿನ್ಯಾಗ ಓದ್ರಿ ಅಜ್ಜಾ ಅಂದ್ರ ಬಸ್ ಹೊಂಟಂಗ ಓದತಾರ. ಹೆಣ ಸಿಕ್ಕಿದ ಕೂಡಲೆ ‘ಅಯ್ಯ ಶಿವನ’ ಅಂತ ಒದರತಾರ. ನಾವು ಸಂವಿಧಾನ ಓದೂದೋ, ಇಟಲಿ ಹೆಣ ನೋಡೂದೋ?”

“ಅದಕ್ಕ ಹಾಳಿ ಹರದ್ರೇನು?”

“ಹರದ್ರ ಇನ್ನೂ ಹೆಚ್ಚು ಒದರತಾರ್ರಿ. ಎಂಟು ದಿವಸದಿಂದ ನೋಡ್ರಿ ನಮ್ಮ ಪಾಡು.”

ಆ ಮಾತಿನಲ್ಲಿ ಸುಳ್ಳು ಕಾಣಲಿಲ್ಲ. ಕಾಶಿನಾಥ ಪುಸ್ತಕಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಹಾಳೆಗಳನ್ನು ಕಿತ್ತಿರಲಿಲ್ಲ, ಹರಿತವಾದ ಅಲಗಿನಿಂದ ಬೆನ್ನಿನ ಹತ್ತಿರ ನೆಟ್ಟಗೆ ಕೊಯ್ದಿದ್ದರು. ಅವನಿಗೆ ಒಂದು ವಿಷಯ ಮೊದಲಿನಿಂದ ಕೊರೆಯುತ್ತಿತ್ತು. ಶಂಭುಲಿಂಗಪ್ಪ ಓದಿ ಮುಗಿಸಿದ ಎರಡು ಪುಸ್ತಕಗಳಿಗೆ ಯಾರೂ ಕೈ ಹಚ್ಚಿರಲಿಲ್ಲ. ಅವನು ಇನ್ನೂ ಓದಬೇಕಾದ ಐದಕ್ಕೆ ಮಾತ್ರ ಹಚ್ಚಿದ್ದರು. ಹಾಳೆಯ ಆಸೆಗೆ ಕದ್ದವನಾದರೆ ಎರಡನ್ನು ಯಾಕೆ ಬಿಟ್ಟ? ಹಾಗಾದರೆ ಕಳ್ಳನ ಕಣ್ಣು ಇದ್ದದ್ದು ಪುಸ್ತಕದ ಮೇಲಲ್ಲ, ಓದುವವನ ಮೇಲೆ.

“ಸರ್, ಇಲ್ಲಿ ನೋಡ್ರಿ,” ಎಂದಳು ಮಹಾಲಕ್ಷ್ಮಿ. ಐದನೆಯ ಪುಸ್ತಕದ ಬೆನ್ನು ಬಿಡಿಸಿ ಹಿಡಿದಿದ್ದಳು. ಕೊಯ್ದ ಮೇಲೆ ಸಡಿಲಾದ ಮಿಕ್ಕ ಹಾಳೆಗಳು ಬಿದ್ದುಹೋಗದಂತೆ ಕೆಂಪು ನೂಲಿನಿಂದ ಹೊಲಿದು, ತುದಿಗೆ ಗಂಟು ಹಾಕಿದ್ದರು. ಉಳಿದ ನಾಲ್ಕರಲ್ಲೂ ಹಾಗೇ ಇತ್ತು.

“ಕದ್ದು ಆದಮ್ಯಾಲ ರಿಪೇರಿ ಮಾಡಿ ಹೋಗೋ ಕಳ್ಳನ್ನ ನಾ ಇದ ಮೊದಲ ನೋಡೂದು,” ಎಂದ ಕಾಶಿನಾಥ.

ಇಬ್ಬರು ಪಂಚರನ್ನು ಕರೆಸಿ ಸ್ಥಳ ಪಂಚನಾಮೆ ಬರೆಯಲು ಅವನೂ ನೆಲಕ್ಕೇ ಕೂತ. ಬರೆಯುವಾಗ ಎಡಗೈ ಜಮಖಾನೆಯ ಅಂಚಿನ ಮೇಲಿತ್ತು. ಬೆರಳಿಗೆ ಏನೋ ಸಾಲಾಗಿ ತಾಗಿತು. ನೋಡಿದ. ಅಂಚಿನ ಎಳೆಗಳನ್ನು ಮೂರು ಮೂರು ಕೂಡಿಸಿ, ಒಳಕ್ಕೆ ಒಂದು ಸುತ್ತು ತಂದು, ಬಿಗಿದು ಗಂಟು ಹಾಕಿದ್ದರು. ನೂಲು ಹೊಸದು. ಪುಸ್ತಕ ತರಿಸಿ ಬಾಜೂ ಇಟ್ಟು ನೋಡಿದ. ಅದೇ ಸುತ್ತು, ಅದೇ ಬಿಗಿತ.

“ಈ ಅಂಚು ಯಾರು ಕಟ್ಟಿದ್ದು?”

“ಖಾತುನಬಿ ಅಮ್ಮಾರು,” ಎಂದಳು ಅಮೃತಾ. “ಜಮಖಾನಿ ಅಂಚು ಬಿಚ್ಚಿದ್ದವು. ಮಧ್ಯಾಹ್ನ ಬಂದು ಆ ಕಪಾಟಿನ ಬುಡಕ್ಕ ಕುಂತು ಕಟ್ಟತಿದ್ರು. ಶಂಭುಲಿಂಗಪ್ಪ ಅವರ ಬಾಜೂ ಮನಿಯವರ ಅವರು…” ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ‘ಇವನ್ನು ಓದಲೇಬೇಕು’ ಎಂಬ ಚೀಟಿ ಅದೇ ಕಪಾಟಿನ ಮೇಲಿತ್ತು.

ನಾಲ್ಕು ಗಂಟೆಗೆ ಜೀಪು ಓಣಿಯಲ್ಲಿ ನಿಂತಿತು. ಖಾತುನಬಿ ಪಡಸಾಲೆಯ ಮಗ್ಗದ ಮುಂದೆ ಕೂತು ನೇಯುತ್ತಿದ್ದಳು. ಮುಖದ ತುಂಬ ಸುಕ್ಕು, ಬೆನ್ನು ಮಾತ್ರ ನೆಟ್ಟಗೆ. ಸಮವಸ್ತ್ರ ಕಂಡು ಸೆರಗು ತಲೆಯ ಮೇಲೆಳೆದುಕೊಂಡಳು. ಗಾಬರಿಯೇನೂ ಆದಂತಿರಲಿಲ್ಲ.

“ವಾಚನಾಲಯದ ಜಮಖಾನಿ ಅಂಚು ಕಟ್ಟಿದ್ದು ನೀವೇನ್ರಿ?”

“ಹೌದ್ರಿ.”

“ಪುಸ್ತಕದ ಬೆನ್ನು ಹೊಲಿದದ್ದು?”

ನೂಲು ಬಡಿದು ಕೂಡಿಸುವ ಕಬ್ಬಿಣದ ಪಂಜ ಅವಳ ಕೈಯಲ್ಲಿ ನಿಂತಿತು. “ಅದೂ ನಾನ ರೀ.”

“ಕನ್ನಡ ಓದಾಕ ಬರತೈತೇನ್ರಿ?”

“ಇಲ್ರಿ. ಕಡೀ ಹಾಳಿ ಯಾವುದು ಅನ್ನಾಕ ಓದು ಬರಬೇಕೇನ್ರಿ?”

“ಹೊಲಿದದ್ದು ಯಾಕ ಅಮ್ಮಾ?” ಮಹಾಲಕ್ಷ್ಮಿಗೆ ತಡೆಯಲಾಗಲಿಲ್ಲ. “ಹಂಗ ಬಿಟ್ಟಿದ್ರ ನಾವು ಇಲ್ಲಿಗೆ ಬರತಿರಲಿಲ್ಲ.”

“ಕೊಯ್ದ ತುದಿ ಕಟ್ಟದ ಏಳಾಕ ನನಗ ಬರೂದಿಲ್ಲವಾ. ಕೈ ತಾನ ಕಟ್ಟಿಬಿಟ್ಟತು.”

ಹಾಳೆಗಳು ಜೋಳದ ಡಬ್ಬಿಯ ಹಿಂದೆ ಇದ್ದವು. ಒಗೆದ ಬಿಳಿ ಬಟ್ಟೆಯಲ್ಲಿ ಐದು ಕಟ್ಟು. ಒಂದು ಹಾಳೆಯೂ ಮಡಚಿರಲಿಲ್ಲ. ಪಂಚರ ಎದುರು ಜಪ್ತಿ ಪಂಚನಾಮೆ ಆಯಿತು. ಆಮೇಲೆ ಕಾಶಿನಾಥ ಕಾರಣ ಕೇಳಿದ. ಅವಳು ಮಗ್ಗದ ಕಡೆ ಕೈ ತೋರಿಸಿದಳು.

“ನಮ್ಮ ಮನ್ಯಾಗ ಒಂದು ಜಮಖಾನಿ ಇಳಿಸೂಕಿಂತ ಮೊದಲ ಇನ್ನೊಂದಕ್ಕ ನೂಲು ತಯಾರು ಮಾಡಿ ಇಡತೀವ್ರಿ. ಮಗ್ಗ ಬರಿದು ಬಿಡೂದಿಲ್ಲ. ನಮ್ಮ ಮಾವನ ಕಾಲದಿಂದ ಹಂಗ. ನಮ್ಮವರು, ಅಬ್ದುಲ್‌ಸಾಬರು, ಕಡೀ ಸಲ ಒಂದು ದೊಡ್ಡ ಜಮಖಾನಿ ಮುಗಿಸಿ ಕೊಟ್ಟು ಬಂದು, ‘ಎಲ್ಲಾ ಮುಗೀತು, ಇನ್ನ ನೂಲು ತರೂದಿಲ್ಲ’ ಅಂದ್ರು. ಮಗ್ಗ ಬರಿದಾತು. ಅವರು ಮಲಗಿದವರು ಏಳಲಿಲ್ಲ. ಶಂಭುಲಿಂಗಣ್ಣ ಎರಡು ಪುಸ್ತಕ ಮುಗಿಸಿ ಬಂದು ಆ ಕಟ್ಟಿ ಮ್ಯಾಲ ಕುಂತು ಅದ ಮಾತು ಆಡಿದ ರೀ. ಏಳು ಮುಗದ್ರ ಆತು, ಆಪರೇಶನ್ ಬ್ಯಾಡ ಅಂದ. ಬೈದೆ, ಅತ್ತೆ. ನಗತಾನ. ಅದಕ್ಕ ಮುಗೀಲಾರದಂಗ ಮಾಡಿದೆ.”

“ಎಷ್ಟು ದಿವಸ ಮುಚ್ಚಿಡಾಕ ಇದ್ರಿ?”

“ಹುಬ್ಬಳ್ಳಿಯಿಂದ ಬರೂಮಟ. ಬಂದಮ್ಯಾಲ ನಾನ ಹೊಲಿದು ಕೊಡಾಕಿದ್ದೆ.”

ಬಾಜೂ ಮನೆಯ ಬಾಗಿಲು ಸದ್ದಾಯಿತು. ಶಂಭುಲಿಂಗಪ್ಪ ಕಟ್ಟೆ ಹಿಡಿದುಕೊಂಡು ನಿಂತಿದ್ದ. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದನೋ.

“ಏ ಖಾತುನಬಿ! ಐದು ಮಂದಿ ಕೊಲಿಗಾರ್ರನ್ನ ಜೋಳದ ಡಬ್ಬಿ ಹಿಂದ ಇಟ್ಟಾಕಿ ನೀನ ಏನ ಬೇ?”

“ನಾನ. ಏನೀಗ? ಜೈಲಿಗೆ ಹೋಗತೀನಿ. ನೀ ದವಾಖಾನಿಗೆ ಹೋಗ.”

ಅವನು ಎರಡು ಹೆಜ್ಜೆ ಮುಂದಿಟ್ಟ. ಉಸಿರು ಸಾಲದೆ ಅಲ್ಲೇ ಕಟ್ಟೆಯ ಮೇಲೆ ಕೂತ.

ಹೆಂಗಸರ ಬಂಧನ ಹೊತ್ತು ಮುಳುಗುವ ಮೊದಲೇ ಆಗಬೇಕೆಂದು ಮಹಾಲಕ್ಷ್ಮಿ ಆಗಲೇ ಬಂಧನದ ಕಾಗದ ಓದಿ ಹೇಳಿ, ಖಾತುನಬಿಯ ಹೆಬ್ಬೆಟ್ಟು ಒತ್ತಿಸಿಕೊಂಡು, ಜೀಪಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು. ಮುದುಕಿ ಚಹಾ ಕುಡಿದಿಲ್ಲವೆಂದು ಗೊತ್ತಾಗಿ ಸಂತೆ ಮೂಲೆಯಲ್ಲಿ ಜೀಪು ನಿಲ್ಲಿಸಿದರು.

ವಯಸ್ಸಾದ ಹೆಂಗಸು, ಮಾಲು ಪೂರ್ತಿ ಸಿಕ್ಕಿದೆ, ತಪ್ಪು ಒಪ್ಪಿದ್ದಾಳೆ. ಠಾಣೆಯಲ್ಲೇ ಜಾಮೀನು ಕೊಡಲು ಕಾಶಿನಾಥನಿಗೆ ಅಡ್ಡಿ ಕಾಣಲಿಲ್ಲ. ಜಾಮೀನುದಾರರು ಯಾರು ಎಂದು ಕೇಳುವುದರೊಳಗೆ ಶಂಭುಲಿಂಗಪ್ಪ ಕಸ್ತೂರೆವ್ವನ ತೋಳು ಹಿಡಿದು ಒಳಗೆ ಬಂದ. ಹಿಂದೆ ಅಮೃತಾ ಇದ್ದಳು.

“ನಾ ನಿಲ್ಲತೀನ್ರಿ.”

“ಹಾಳಿ ಕದ್ದಾರಂತ ಮುಂಜಾನೆ ಒದರಿದವರು ನೀವ ಅಲ್ಲೇನ್ರಿ?”

“ಒದರೂದು ಬ್ಯಾರೆ, ಜಾಮೀನು ಬ್ಯಾರೆ. ಎಲ್ಲಿ ಸಹಿ ಮಾಡ್ಲಿ?”

ಸಹಿ ಮಾಡಿದ ಮೇಲೆ ಕೈ ಚಾಚಿದ. “ಇನ್ನ ಕೊಡ್ರಿ ಹಾಳಿ. ಗಂಟಿ ಹೊಡಿಯಾಂವನ್ನ ಕೊಂದಾಂವ ಯಾರಂತ ಇಲ್ಲೇ ಓದಿ ಕೊಟ್ಟಬಿಡತೀನಿ.”

ಐದು ಕಟ್ಟೂ ಮೇಜಿನ ಮೇಲಿದ್ದವು. ಕಾಶಿನಾಥ ಅವುಗಳ ಕಡೆ ಒಮ್ಮೆ, ಕಸ್ತೂರೆವ್ವನ ಕಡೆ ಒಮ್ಮೆ ನೋಡಿದ. ಆಮೇಲೆ ಅವುಗಳನ್ನು ಲಕೋಟೆಗೆ ಹಾಕಿ, ಅರಗು ಕಾಯಿಸಿ, ಠಾಣೆಯ ಮುದ್ರೆ ಒತ್ತಿದ.

“ಇದು ಮುದ್ದೇಮಾಲು, ಕಾಕಾ. ನ್ಯಾಯಾಲಯ ಹೇಳೂಮಟ ಯಾರೂ ಒಡಿಯಂಗಿಲ್ಲ.”

“ಯಾವಾಗ ಹೇಳತಾರ?”

“ದೋಷಾರೋಪ ಪಟ್ಟಿ ಹೋಗಬೇಕು, ತಾರೀಖು ಬರಬೇಕು. ಯುಗಾದಿ ದಾಟತೈತಿ. ಮೊದಲು ಬಂದು ಹೇಳಿದವರು ನೀವು, ಸಾಕ್ಷಿ ನೀವು, ಈಗ ಜಾಮೀನುದಾರರೂ ನೀವ. ನೀವು ಬರಲಿಲ್ಲಂದ್ರ ಕೇಸು ಮುಗಿಯೂದಿಲ್ಲ, ಈ ಅಮ್ಮಾರ ಗತಿ ಏನು?”

ಹಾಳೆಗಳನ್ನು ವಾಚನಾಲಯದ ಸುಪರ್ದಿಗೆ ಬೇಗನೆ ಬಿಡಿಸಿಕೊಡುವ ದಾರಿ ಕಾನೂನಿನಲ್ಲಿ ಇಲ್ಲದೆ ಇರಲಿಲ್ಲ. ಒಂದು ಅರ್ಜಿ ಬರೆದರೆ ಸಾಕಿತ್ತು. ಅದನ್ನು ಕಾಶಿನಾಥ ಹೇಳಲಿಲ್ಲ. ಮಹಾಲಕ್ಷ್ಮಿಗೂ ಗೊತ್ತಿತ್ತು. ಅವಳು ಟೇಬಲ್ಲಿನ ಮೇಲಿನ ಅರಗಿನ ಹನಿಯನ್ನು ಉಗುರಿನಿಂದ ಕೆರೆಯತೊಡಗಿದಳು.

ಶಂಭುಲಿಂಗಪ್ಪ ಲಕೋಟೆಯನ್ನೇ ನೋಡಿದ. ಅನುಮಾನದಿಂದ ಖಾತುನಬಿಯ ಕಡೆ ತಿರುಗಿದ. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

“ಅಂದ್ರ ಯುಗಾದಿಮಟ ನಾ ಇರಬೇಕಾತು,” ಎಂದ.

“ಇರಬೇಕಾಗತೈತ್ರಿ.”

“ಇದಕ್ಕ ಶುಕ್ರವಾರ ಎದಿ ಸೀಳಿಸಬೇಕಾತು.”

“ಅದು ಡಾಕ್ಟರ ತನಿಖೆ. ನನ್ನದಲ್ಲ.”

ಶಂಭುಲಿಂಗಪ್ಪ ಕೋಲಿನ ತುದಿಯಿಂದ ಒಮ್ಮೆ ನೆಲ ಕುಟ್ಟಿದ. ಆಮೇಲೆ ಹೆಂಡತಿಗೆ ಹೇಳಿದ, “ಏ, ದವಾಖಾನಿಗೆ ಫೋನ್ ಹಚ್ಚು. ಬರತಾರ ಅಂತ ಹೇಳು. ಕಿಟಕಿ ಬಾಜೂದ ಮಂಚ ಇಡಸು.”

ಕಸ್ತೂರೆವ್ವ ಫೋನು ತೆಗೆದಳು. ಸೆರಗಿನ ತುದಿಯ ಗಂಟು ಬಿಚ್ಚಿ, ದವಾಖಾನೆಯ ನಂಬರಿನ ಚೀಟಿಯನ್ನು ಓದಲು ಅಮೃತಾಳ ಕೈಗೆ ಕೊಟ್ಟಳು.

ಖಾತುನಬಿಯ ಹೇಳಿಕೆಯನ್ನು ಕಾಶಿನಾಥ ಮರುದಿನ ಶುದ್ಧ ಪ್ರತಿ ಮಾಡಿದ. ಕಳವಿನ ಉದ್ದೇಶ ಎಂಬಲ್ಲಿ ಲಾಭ, ಹಗೆ ಎರಡೂ ಇಲ್ಲವೆಂದು ಬರೆದು, ‘ನೆರೆಯವನು ಇನ್ನಷ್ಟು ಕಾಲ ಇರಲಿ ಎಂಬ ಆಸೆಯಿಂದ’ ಎಂದು ಸೇರಿಸಿದ. ಅಮೃತಾ ಹಲಗೆಯ ಮೇಲಿನ ಚೀಟಿ ಹಾಗೇ ಬಿಟ್ಟಳು.

ಬಾಡಿಗೆ ಕಾರು ಹೇಳಿದ್ದನ್ನು ಶಂಭುಲಿಂಗಪ್ಪ ಬೇಡವೆಂದ. ಬಸ್ಸೇ ಆಗಬೇಕೆಂದು ಹಟ ಹಿಡಿದ. ಖಾತುನಬಿ ನಿಲ್ದಾಣದವರೆಗೆ ಬಂದು, ಕಸ್ತೂರೆವ್ವನ ಕೈಗೆ ಬುತ್ತಿಯ ಗಂಟು ಕೊಟ್ಟಳು. ಗುರುವಾರ ಮುಂಜಾನೆ, ಮೊದಲನೆಯ ಹುಬ್ಬಳ್ಳಿ ಬಸ್ಸಿಗೆ ಶಂಭುಲಿಂಗಪ್ಪ ಹೋದ.